ಒಂದು ತಂತಿಯಿಂದ ಕರೆಂಟಿನ ಗಿಟಾರಿನ ತನಕ

ಗಿಟಾರು ಅಂದ್ರ ನಮ್ಮ ಹುಡುಗರಿಗೆ ಸಿನಿಮಾ ಹೀರೋ ಹೆಗಲಿಗೆ ಹಾಕ್ಕೊಳ್ಳೋ ವಾದ್ಯ. ಆದರ ರಾಕ್ ಅನ್ನುವ ಆ ಜೋರಿನ ಸಂಗೀತದ ಬೇರು ಹತ್ತಿ ಬಿಡಿಸುವ ಕೂಲಿ ಜನರ ಹಾಡಿನಾಗ ಐತಿ. ಆ ಚರಿತ್ರೆ ನಮ್ಮಂಥ ಒಕ್ಕಲು ಮಕ್ಕಳು, ಪದ ಹಾಡುವವರು ತಿಳಿದಿರಬೇಕು ಅಂತ ಇದನ್ನು ಬರೆದೀನಿ.

2008ರಲ್ಲಿ ಡೇವಿಸ್ ಗುಗೆನ್‌ಹೈಮ್ ಅನ್ನುವ ಅಮೆರಿಕದ ನಿರ್ದೇಶಕರು ‘ಇಟ್ ಮೈಟ್ ಗೆಟ್ ಲೌಡ್’ ಅಂತ ಒಂದು ಸಾಕ್ಷ್ಯಚಿತ್ರ ತೆಗೆದರು. ‘ಸಪ್ಪಳ ಜೋರಾದೀತು’ ಅಂತ ಅದರ ಅರ್ಥ. ಮಾಸ್ತರೊಬ್ಬರು ಬಾಜೂ ಕೂತು ಮಾತು ಬಿಡಿಸಿ ಹೇಳಿದ್ದಕ್ಕ ನನಗ ತಿಳೀತು. ಅದರಾಗ ಮೂರು ಮಂದಿ ಹೆಸರಾದ ಗಿಟಾರಿನವರು ಒಂದು ಕಡೆ ಕೂಡತಾರ. ಇಂಗ್ಲೆಂಡಿನ ಜಿಮ್ಮಿ ಪೇಜ್, ಐರ್ಲೆಂಡಿನ ಡಬ್ಲಿನ್ ಊರಿನ ಎಡ್ಜ್, ಅಮೆರಿಕದ ಡೆಟ್ರಾಯಿಟ್ ಊರಿನ ಜ್ಯಾಕ್ ವೈಟ್.

ಮೂವರ ಕೈಯೂ ಬ್ಯಾರೆ ಬ್ಯಾರೆ. ಪೇಜ್ ಅವರದು ದಪ್ಪ ನಾದ. ಪಿಟೀಲಿನ ಕಮಾನು ತಗೊಂಡು ಗಿಟಾರಿನ ತಂತಿ ಉಜ್ಜಿ ನುಡಿಸಿದವರು ಅವರು. ಎಡ್ಜ್ ಸ್ವರ ಕಡಿಮಿ ಹಚ್ಚತಾರ. ಬಾವ್ಯಾಗ ಕೂಗಿದರ ದನಿ ತಿರುಗಿ ಬರತದಲ್ಲ, ಹಂಗ ಯಂತ್ರದಿಂದ ಒಂದು ಮೀಟಿಗೆ ನಾಕು ಮಾರ್ದನಿ ಬರಸತಾರ. ಯಂತ್ರ ಬಂದ್ ಮಾಡಿ ಬರೇ ಕೈಯಿಂದ ನುಡಿಸಿದರ ಎಷ್ಟು ಸರಳ ಐತಿ ಅಂತ ತಾವೇ ತೋರಸತಾರ. ಜ್ಯಾಕ್ ವೈಟ್ ಮೊದಲು ಕುರ್ಚಿ, ಸೋಫಾಗಳಿಗೆ ಗಾದಿ ಹೊಲಿಯುವ ಕೆಲಸ ಮಾಡಿದವರು. ಅಗ್ಗದ ಹಳೇ ಗಿಟಾರು ಹಿಡಿದು ಅದರ ಕೂಡ ಕುಸ್ತಿ ಆಡಿದಂಗ ನುಡಸತಾರ.

ಚಿತ್ರದ ಸುರುವಿಗೇ ಈ ಜ್ಯಾಕ್ ವೈಟ್ ಒಂದು ಹಲಗಿಗೆ ಮೊಳಿ ಬಡಿದು, ಒಂದೇ ತಂತಿ ಬಿಗಿದು, ಅದರ ತೆಳಗ ಗಾಜಿನ ಬಾಟ್ಲಿ ಸಿಗಿಸಿ, ಕರೆಂಟ್ ಜೋಡಿಸಿ ನುಡಸತಾರ. ಇದು ಅವರ ಕಲ್ಪನೆ ಅಲ್ಲ. ಅಮೆರಿಕದ ಮಿಸಿಸಿಪ್ಪಿ ಸೀಮ್ಯಾಗ ಕಪ್ಪು ಜನರ ಮಕ್ಕಳು ಮನಿ ಗ್ವಾಡಿಗೆ ತಂತಿ ಬಿಗಿದು ಹಿಂಗೇ ನುಡಿಸತಿದ್ದರು. ‘ಡಿಡ್ಲಿ ಬೋ’ ಅಂತ ಅದರ ಹೆಸರು. ನಮ್ಮ ಗೀಗೀ ಮೇಳದ ತುಂತುಣಿಗೂ ಒಂದೇ ತಂತಿ.

ಆ ಜನ ಯಾರು? 1865ರಲ್ಲಿ ಅಮೆರಿಕದಾಗ ಗುಲಾಮಗಿರಿ ಕಾಯ್ದೆ ಪ್ರಕಾರ ಮುಗೀತು. ಆದರ ಹೊಲ ಧಣಿಗಳ ಕೈಯಾಗೇ ಉಳೀತು. ಕಪ್ಪು ಜನ ಪಾಲಿಗೆ ಹತ್ತಿ ಬೆಳೆದರು. ಸುಗ್ಗಿ ಮುಗಿದು ಲೆಕ್ಕ ಮಾಡಿದಾಗ ಎಷ್ಟೋ ಮಂದಿಗೆ ಸಾಲವೇ ಉಳೀತಿತ್ತು. ಆ ಸಂಕಟದಾಗ ಹುಟ್ಟಿದ ಹಾಡಿಗೆ ಬ್ಲೂಸ್ ಅಂತಾರ.

1927ರಲ್ಲಿ ಮಿಸಿಸಿಪ್ಪಿ ಹೊಳಿ ಒಡ್ಡು ಒಡೆದು ಊರೂರು ಮುಳುಗಿದವು. ಒಡ್ಡಿಗೆ ಮಣ್ಣು ಹೊರಲಿಕ್ಕೆ ಕಪ್ಪು ಕೂಲಿಗಳನ್ನು ಒತ್ತಾಯದಿಂದ ಹಚ್ಚಿದ್ದರು. 1929ರಲ್ಲಿ ಕಾನ್ಸಾಸ್ ಜೋ ಮೆಕಾಯ್, ಮೆಂಫಿಸ್ ಮಿನ್ನಿ ಎಂಬ ಗಂಡ ಹೆಂಡತಿ ಆ ಒಡ್ಡಿನ ಮೇಲೆ ಒಂದು ಹಾಡು ಮಾಡಿ ರೆಕಾರ್ಡಿಗೆ ಹಾಡಿದರು.

ಇನ್ನು ಗಿಟಾರಿಗೆ ಕರೆಂಟ್ ಯಾಕ ಬಂತು? ತುತ್ತೂರಿ, ನಗಾರಿ ನಡುವ ಗಿಟಾರಿನ ದನಿ ಕೇಳತಿರಲಿಲ್ಲ. 1930ರ ಆಚೀಚೆ ಜಾರ್ಜ್ ಬೋಷಾಂಪ್ ಎಂಬವರು ಅಯಸ್ಕಾಂತಕ್ಕ ತಾಮ್ರದ ತಂತಿ ಸುತ್ತಿ ಗಿಟಾರಿಗೆ ಕೂಡಿಸಿದರು. ನಮ್ಮ ಸೈಕಲ್ ಡೈನಮೋದಾಗ ಅಯಸ್ಕಾಂತ ತಿರುಗಿದರ ಕರೆಂಟ್ ಹುಟ್ಟತದ. ಇಲ್ಲಿ ಅಯಸ್ಕಾಂತ ಸುಮ್ಮನಿರತದ, ಅದರ ಮ್ಯಾಲಿನ ಉಕ್ಕಿನ ತಂತಿ ನಡುಗತದ. ಆ ನಡುಕ ಸಣ್ಣ ಕರೆಂಟಾಗಿ, ಯಂತ್ರದಾಗ ದೊಡ್ಡದಾಗಿ, ಭೋಂಗಾದಿಂದ ಹೊರಗ ಬರತದ.

ಮಡ್ಡಿ ವಾಟರ್ಸ್ ಎಂಬ ಹತ್ತಿ ಹೊಲದ ಹಾಡುಗಾರ 1943ರಲ್ಲಿ ಊರು ಬಿಟ್ಟು ಶಿಕಾಗೋಕ್ಕ ದುಡಿಯಲಿಕ್ಕೆ ಹೋದ. ಪಟ್ಟಣದ ಗದ್ದಲದಾಗ ಅವನೂ ಕರೆಂಟಿನ ಗಿಟಾರು ಹಿಡಿದ. ಅಂಥವರ ರೆಕಾರ್ಡು ಸಮುದ್ರ ದಾಟಿ ಇಂಗ್ಲೆಂಡಿನ ಹುಡುಗರ ಕೈ ಸೇರಿದವು. ರೋಲಿಂಗ್ ಸ್ಟೋನ್ಸ್ ಅನ್ನುವ ಮೇಳ ತನ್ನ ಹೆಸರನ್ನು ಮಡ್ಡಿ ವಾಟರ್ಸನ ಹಾಡಿನಿಂದಲೇ ತಗೊಂಡಿತು. ಪೇಜ್ ಕಟ್ಟಿದ ಲೆಡ್ ಜೆಪ್ಪೆಲಿನ್ ಮೇಳ 1971ರಲ್ಲಿ ಆ ಒಡ್ಡಿನ ಹಾಡನ್ನು ತನ್ನ ಧಾಟಿಯಾಗ ಹಾಡಿತು. ಆಗ ನಗಾರಿ ಬಾರಿಸಿದ ಹಳೇ ಮನಿಯನ್ನು ಪೇಜ್ ಈ ಚಿತ್ರದಾಗ ತಿರುಗಿ ಹೋಗಿ ತೋರಸತಾರ.

ಆ ಹಾಡಿಗೆ ಮೆಂಫಿಸ್ ಮಿನ್ನಿಯ ಹೆಸರು ಕೊಟ್ಟರು, ಚಲೋ ಆತು. ಎಲ್ಲಾ ಹಾಡಿಗೆ ಹಂಗ ಆಗಲಿಲ್ಲ. ಅದೇ ಮೇಳ 1969ರಲ್ಲಿ ಹಾಡಿದ ಒಂದು ಹೆಸರಾದ ಹಾಡಿನಾಗ ತನ್ನ ಮಾತು ಐತಿ ಅಂತ ವಿಲ್ಲಿ ಡಿಕ್ಸನ್ ಎಂಬ ಬ್ಲೂಸ್ ಕವಿ 1985ರಲ್ಲಿ ಕೋರ್ಟಿಗೆ ಹೋಗಬೇಕಾತು. ಕಡೀಕ ರಾಜಿ ಆತು, ಅವನ ಹೆಸರೂ ಸೇರಿತು. ಅಲ್ಲೀತನಕ ಹದಿನೈದು ವರ್ಷದ ಮ್ಯಾಲಾಗಿತ್ತು.

ಹಾಡು ಊರು ದಾಟಬೇಕು, ಕೈ ಬದಲಾಗಬೇಕು. ಹಂಗಾದರೇ ಅದು ಬದುಕತದ. ಪೇಜ್ ಅಂಥವರು ನುಡಿಸದಿದ್ದರ ಮಿನ್ನಿಯ ಹಾಡು ನನ್ನ ಕಿವಿಗೆ ಬೀಳತಿರಲಿಲ್ಲ. ಆದರ ಕಟ್ಟಿದವರ ಹೆಸರು ಹಾಡಿನ ಕೂಡ ಹೋಗಬೇಕು. ನಮ್ಮ ಹಿರಿಯರು ಇದಕ್ಕಂತೇ ಪದದ ಕಡೀ ನುಡ್ಯಾಗ ಅಂಕಿತ ಇಟ್ಟರು. ಶಿಶುನಾಳಧೀಶ ಅಂತ ಬಂದರ ಇದು ಶರೀಫ ಸಾಹೇಬರದು ಅಂತ ಅಕ್ಷರ ಬಾರದವನಿಗೂ ತಿಳೀತದ. ಈಗ ಕೆಲವರು ಹಳೇ ಪದದ ಅಂಕಿತದ ನುಡಿ ಕೈಬಿಟ್ಟು, ಸಂಗೀತ ಕೂಡಿಸಿ, ತಮ್ಮ ಹೆಸರಲ್ಲಿ ಮೊಬೈಲಿನಾಗ ಬಿಡತಾರ. ಶರೀಫರ ಪದ ಆದರ ಗುರುತು ಹಿಡಿಯುವವರು ಇರತಾರ. ಊರಾಗಿನ ಅಜ್ಜಿ ಕಟ್ಟಿದ ಬೀಸುವ ಪದಕ್ಕ ಸಾಕ್ಷಿ ಯಾರು?

ಚಿತ್ರದಾಗ ಜ್ಯಾಕ್ ವೈಟ್ ತಮಗ ಎಲ್ಲಕ್ಕಿಂತ ಇಷ್ಟವಾದ ಹಾಡಿನ ರೆಕಾರ್ಡು ಹಚ್ಚತಾರ. ಅದು ಮಿಸಿಸಿಪ್ಪಿಯ ಸನ್ ಹೌಸ್ ಎಂಬ ಹಿರಿಯ ಹಾಡಿದ್ದು. ಅದರಾಗ ಗಿಟಾರೇ ಇಲ್ಲ. ಬರೇ ಕೊರಳು, ಕೈ ಚಪ್ಪಾಳಿ. ಅಷ್ಟು ಗಿಟಾರು ಇಟ್ಟುಕೊಂಡವರು ಒಬ್ಬ ಮುದುಕನ ಕೊರಳಿಗೆ ಕಿವಿಗೊಟ್ಟು, ಅವನ ಹೆಸರು ಹೇಳಿ ಕೇಳಸತಾರ.

ನಮ್ಮ ವಾಚನಾಲಯದಾಗೂ ಒಂದು ದಪ್ಪ ವಹಿ ಇಡಬೇಕು ಅಂತ ನನ್ನ ವಿನಂತಿ. ಊರಾಗ ಹಾಡುವ ಪದ, ಅದರ ಅಂಕಿತ, ಯಾರು ಯಾರಿಂದ ಕಲಿತರು ಅನ್ನೂದನ್ನ ಅದರಾಗ ಬರಿಯೋಣು. ಮಾಸ್ತರರು ಬರಕೊಳ್ಳುವುದಾದರ ನಾನು ಹಾಡಿ ಬರೆಸಲಿಕ್ಕೆ ತಯಾರ ಅದೀನಿ.