ಧೂಮಲೋಕದ ಆರ್ಕಸ್: ಮೊದಲ ‘ವಿಷನ್’

ಮಾರ್ವೆಲ್ ಮಿಸ್ಟರಿ ಕಾಮಿಕ್ಸ್, ಸಂಚಿಕೆ 13
ನ್ಯೂಯಾರ್ಕ್, ನವೆಂಬರ್ 1940. ಅಗ್ಗದ ಕಾಗದದ ಮೇಲೆ ವರ್ಣಮುದ್ರಣ

ಟೈಮ್ಲಿ ಪ್ರಕಾಶನದವರು 10 ಸೆಂಟುಗಳಿಗೆ ಮಾರುತ್ತಿದ್ದ ಈ ಬಾಲರಂಜಕ ಪತ್ರಿಕೆಯಲ್ಲಿಯೇ, ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬ ತರುಣ ಕಲಾವಿದರಿಬ್ಬರು, ಕ್ಯಾಪ್ಟನ್ ಅಮೆರಿಕಾನನ್ನು ಸೃಷ್ಟಿಸಿ ಲೋಕವಿಖ್ಯಾತರಾಗುವುದಕ್ಕೆ ಕೆಲವೇ ತಿಂಗಳು ಮುನ್ನ, ಅನ್ಯಲೋಕದಿಂದ ಬಂದ ಈ ದುಷ್ಟದಮನನನ್ನು ಓದುಗರ ಮುಂದೆ ನಿಲ್ಲಿಸಿದರು.

ಆರ್ಕಸನು ಧೂಮಲೋಕದ ಆರಕ್ಷಕ. ಅವನಿಗೆ ವ್ಯೋಮನೌಕೆ ಬೇಕಿಲ್ಲ. ಭೂಮಿಯಲ್ಲಿ ಎಲ್ಲಿ ಹೊಗೆಯೇಳುವುದೋ, ಅದು ಅಗ್ಗಿಷ್ಟಿಕೆಯದೇ ಆಗಲಿ, ಪಾತಕಿಯೊಬ್ಬನು ಸೇದುತ್ತಿರುವ ಸಿಗರೇಟಿನದೇ ಆಗಲಿ, ಆ ಹೊಗೆಯೊಳಗಿಂದಲೇ ಆಕಾರ ತಳೆದು ಬಂದು, ಅಪರಾಧಿಯನ್ನು ದಂಡಿಸಿ, ಮರಳಿ ಹೊಗೆಯಲ್ಲಿಯೇ ಲೀನನಾಗುವನು. ಇಷ್ಟು ಸರಳವೂ ಇಷ್ಟು ರಮ್ಯವೂ ಆದ ಪ್ರವೇಶವು ಆ ಕಾಲದ ಚಿತ್ರವೀರರಲ್ಲಿ ವಿರಳವೇ ಸರಿ.

ವೀರನ ಹಸಿರು ಉಡುಪನ್ನು ಸಮೀಪದಿಂದ ನೋಡಿರಿ. ಅಲ್ಲಿ ಹಸಿರು ಶಾಯಿಯೆಂಬುದೇ ಇಲ್ಲ. ಹಳದಿಯ ಮೇಲೆ ನೀಲಿಯು ಬಿದ್ದು ಆ ವರ್ಣವುಂಟಾಗಿದೆ.

ಈ ಕಥಾಸರಣಿ 1943ರಲ್ಲಿ ನಿಂತುಹೋಯಿತು. ಆರ್ಕಸನನ್ನು ಮರಳಿ ತರಬೇಕೆಂದು ಲೇಖಕ ರಾಯ್ ಥಾಮಸ್ ಮುಂದೆ ಬಯಸಿದರಾದರೂ, ಸಂಪಾದಕ ಸ್ಟ್ಯಾನ್ ಲೀ ಅವರು ಯಂತ್ರಮಾನವನೊಬ್ಬನನ್ನು ಅಪೇಕ್ಷಿಸಿದುದರಿಂದ, ಇಂದು ಚಲನಚಿತ್ರಗಳ ಮೂಲಕ ಸರ್ವರಿಗೂ ಪರಿಚಿತನಾಗಿರುವ ಎರಡನೆಯ ವಿಷನ್ 1968ರಲ್ಲಿ ಅದೇ ಹೆಸರನ್ನು ಧರಿಸಿ ಅವತರಿಸಿದನು.