ಮೇಣದಲ್ಲಿ ಹುದುಗಿದ ಅಂಗಾಂಶ

ಎದುರಿನ ಎರಡು ಹಿತ್ತಾಳೆ ತುಂಡುಗಳನ್ನು ಗಮನಿಸಿ. ‘ಎಲ್’ ಆಕಾರದ ಇವನ್ನು ಎದುರುಬದುರಾಗಿ ಜೋಡಿಸಿದರೆ ಅಚ್ಚು ಸಿದ್ಧ. ಜರ್ಮನಿಯ ಪ್ರಾಣಿವಿಜ್ಞಾನಿ ರುಡಾಲ್ಫ್ ಲ್ಯೂಕಾರ್ಟ್ ಹೆಸರು ಹೊತ್ತ ಈ ಅಚ್ಚಿಗೆ ಕರಗಿದ ಪ್ಯಾರಾಫಿನ್ ಮೇಣ ಸುರಿದು ಅಂಗಾಂಶದ ಚೂರನ್ನು ಹುದುಗಿಸುತ್ತಿದ್ದರು.

ಸೂಕ್ಷ್ಮದರ್ಶಕದಲ್ಲಿ ನೋಡಲು ಅಂಗಾಂಶವನ್ನು ತೆಳುವಾಗಿ ಕತ್ತರಿಸಬೇಕು. ಆದರೆ ಹಸಿ ಅಂಗಾಂಶ ಮೆತ್ತಗೆ. ಅಲಗು ತಗುಲಿದರೆ ಮುದುಡುತ್ತದೆ. ಹಾಗಾಗಿ ಮೊದಲು ಫಾರ್ಮಲಿನ್‌ನಲ್ಲಿಟ್ಟು ಕೆಡದಂತೆ ಕಾಯುತ್ತಾರೆ. ಅದರೊಳಗಿನ ನೀರನ್ನು ಆಲ್ಕೋಹಾಲ್ ಹೊರದೂಡುತ್ತದೆ, ಆಲ್ಕೋಹಾಲನ್ನು ಕ್ಸೈಲೀನ್. ಆ ಜಾಗಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ಮೇಣ ಇಳಿಯುತ್ತದೆ.

ನಿಜವಾದ ಕೈಚಳಕ ಇರುವುದು ಮುಂದಿನ ಕೆಲವೇ ಕ್ಷಣಗಳಲ್ಲಿ. ಮೇಣ ಗಟ್ಟಿಯಾಗುವ ಮುನ್ನ ಬಿಸಿ ಚಿಮಟದಿಂದ ಚೂರನ್ನು ಸರಿಯಾದ ಮಗ್ಗುಲಿಗೆ ನಿಲ್ಲಿಸಬೇಕು. ಚರ್ಮವನ್ನು ಅಂಚಿನ ಮೇಲೆ ನಿಲ್ಲಿಸಿದರೆ ಹೊರಪದರದಿಂದ ಒಳಗಿನ ಕೊಬ್ಬಿನವರೆಗೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಮಲಗಿಸಿಬಿಟ್ಟರೆ ಗಡ್ಡೆ ಎಷ್ಟು ಆಳಕ್ಕಿಳಿದಿದೆ ಎಂಬುದೇ ತಿಳಿಯದು. ರೋಗಿಯ ಚಿಕಿತ್ಸೆ ಇದನ್ನೇ ನೆಚ್ಚಿಕೊಂಡಿರುವಾಗ, ತಂತ್ರಜ್ಞರ ಕೈಗೆ ವೈದ್ಯರ ಕಣ್ಣಿನಷ್ಟೇ ಮನ್ನಣೆ ಸಲ್ಲಬೇಕು.

ಗಟ್ಟಿಯಾದ ಮೇಣದ ಬಿಲ್ಲೆಯನ್ನು ಮೈಕ್ರೋಟೋಮ್ ಯಂತ್ರ 3ರಿಂದ 5 ಮೈಕ್ರಾನ್ ದಪ್ಪದ ಪದರಗಳಾಗಿ ಹೆರೆಯುತ್ತದೆ. ಎಡ್ವಿನ್ ಕ್ಲೆಬ್ಸ್ 1869ರಲ್ಲಿ ಪರಿಚಯಿಸಿದ ಪ್ಯಾರಾಫಿನ್ ವಿಧಾನ ಇಂದಿಗೂ ಆಸ್ಪತ್ರೆಗಳಲ್ಲಿ ನಿತ್ಯ ಬಳಕೆಯಲ್ಲಿದೆ. ಈ ಬಿಲ್ಲೆಗಳನ್ನು ಶೀತಲಪೆಟ್ಟಿಗೆಯಿಲ್ಲದೆಯೂ ದಶಕಗಟ್ಟಲೆ ಕಾಪಿಡಬಹುದು.