ನೀರು ಹೊತ್ತ ಕಬ್ಬಿಣ

ಹಾನಗಲ್ಲಿನ ಚರಿತ್ರೆ ಬರೆದವರು ಕದಂಬರನ್ನು ಮರೆತಿಲ್ಲ. ಸವಣೂರಿನ ಬಗ್ಗೆ ಬರೆದವರು ನವಾಬರನ್ನೂ ದೊಡ್ಡಹುಣಸೆ ಮರಗಳನ್ನೂ ಬಿಟ್ಟಿಲ್ಲ. ಶಿಗ್ಗಾಂವಿ ಎಂದರೆ ಬಾಡದ ಕನಕದಾಸರು, ಶಿಶುನಾಳದ ಶರೀಫ ಸಾಹೇಬರು. ಹಿರೇಕೆರೂರು ಎಂದರೆ ಸರ್ವಜ್ಞ. ಇವೆಲ್ಲ ಬರೆಯಬೇಕಾದ ಸಂಗತಿಗಳೇ. ಆದರೆ ಈ ನಾಲ್ಕು ಊರುಗಳಲ್ಲಿ ಬಸ್ ಇಳಿದು ಸ್ವಲ್ಪ ದೂರ ನಡೆದರೆ ಗ್ರೈಂಡರಿನ ಕಿರುಚಾಟ ಕೇಳುತ್ತದೆ, ವೆಲ್ಡಿಂಗಿನ ನೀಲಿ ಬೆಳಕು ಕಣ್ಣು ಕುಕ್ಕುತ್ತದೆ. ಆ ಅಂಗಡಿಗಳಿಗೂ ಒಂದು ಚರಿತ್ರೆಯಿದೆ. ಅದನ್ನು ಹೇಳಲು ನಾವು ಇಲ್ಲಿ ಆರಿಸಿಕೊಂಡಿರುವುದು ಬಾಗಿಲು, ಗ್ರಿಲ್ಲು, ಟ್ರೇಲರುಗಳನ್ನಲ್ಲ. ದೊಡ್ಡ ಮನೆಗಳ ನಡುಮನೆಯಲ್ಲಿ ಮೀನಿನ ಗಾಜಿನ ತೊಟ್ಟಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡನ್ನು.

ಇದೇನು ದೊಡ್ಡ ವಿಷಯ ಎಂದು ಓದುಗರಿಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯೆಂದರೆ 24 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ಒಟ್ಟು ಸುಮಾರು 680 ಲೀಟರ್, ಅಂದರೆ 680 ಕಿಲೋ. 12 ಮಿಲಿಮೀಟರ್ ದಪ್ಪದ ಗಾಜೇ 120 ಕಿಲೋ ತೂಗುತ್ತದೆ. ತಳದ ಮರಳು, ಕಲ್ಲು ಸೇರಿದರೆ 850 ಕಿಲೋ ದಾಟುತ್ತದೆ. ಒಂದು ಜೋಡಿ ಖಿಲಾರಿ ಎತ್ತುಗಳನ್ನು ನಡುಮನೆಯಲ್ಲಿ ಎರಡೂವರೆ ಅಡಿ ಎತ್ತರದ ಮೇಜಿನ ಮೇಲೆ ನಿಲ್ಲಿಸಿ, ಹತ್ತು ವರ್ಷ ಹಗಲೂ ರಾತ್ರಿ ಕೂದಲೆಳೆಯಷ್ಟೂ ಅಲುಗದಂತೆ ಹಿಡಿದಿರಬೇಕೆಂದರೆ ಆ ಮೇಜನ್ನು ಮಾಡುವವನು ಎಂಥವನಿರಬೇಕು? ನಮ್ಮ ಪ್ರಶ್ನೆ ಇಷ್ಟೇ.

ನೀರನ್ನು ನೆಲದಿಂದ ಮೇಲೆತ್ತಿ ಇಡುವುದು ನಮ್ಮ ಮನೆಗಳಿಗೆ ಹೊಸದಲ್ಲ. ಹರವಿಯ ಕೆಳಗೆ ಸಿಂಬಿ ಇತ್ತು, ತಾಟಿನ ಕೆಳಗೆ ಅಡ್ಡಣಿಗೆ ಇತ್ತು. ಉರ್ದು ಮಾತಾಡುವ ಮನೆಗಳಲ್ಲಿ ಕೊಡಗಳನ್ನಿಡುವ ಚೌಕಟ್ಟಿಗೆ ಘಡೋಂಚಿ ಎಂಬ ಚೆಂದದ ಹೆಸರಿದೆ. ಮೂರು ಕಾಲಿನದು ತಿಪಾಯಿ. ಕುರ್‌ಆನ್ ಇಟ್ಟು ಓದುವ ರೆಹಲನ್ನು ಒಂದೇ ಹಲಗೆಯಿಂದ, ಮೊಳೆಯಿಲ್ಲದೆ, ಒಂದರೊಳಗೊಂದು ಹೊಕ್ಕು ನಿಲ್ಲುವಂತೆ ಕೊರೆಯುತ್ತಿದ್ದರು. ಇವುಗಳಲ್ಲಿ ತಿಪಾಯಿಯನ್ನು ಸ್ವಲ್ಪ ಗಮನಿಸಬೇಕು. ಮೂರು ಕಾಲಿನ ವಸ್ತು ಎಂಥ ತಗ್ಗುದಿಣ್ಣೆಯ ನೆಲದ ಮೇಲೂ ಅಲ್ಲಾಡುವುದಿಲ್ಲ. ಕಾಲು ನಾಲ್ಕಾದ ಕೂಡಲೇ ನೆಲದ ಜೊತೆ ತಕರಾರು ಶುರುವಾಗುತ್ತದೆ. ಹರವಿಗೆ ಆ ತಕರಾರು ಲೆಕ್ಕಕ್ಕಿಲ್ಲ, ಗಾಜಿಗೆ ಅದೇ ಮೃತ್ಯು.

ಮೀನು ಸಾಕುವ ಶೋಕಿಯೂ ನಮ್ಮ ನಾಡಿಗೆ ಹಳೆಯದು. ಹಾನಗಲ್ಲಿನ ಕದಂಬರು ಯಾರಿಗೆ ಸಾಮಂತರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ. ಮೀನಿನ ಜಾತಿಗಳು, ಯಾವುದಕ್ಕೆ ಯಾವ ಆಹಾರ, ಗಾಳ ಹಾಕುವ ಬಗೆ ಎಲ್ಲವನ್ನೂ ಅರಸ ವಿವರಿಸಿದ್ದಾನೆ. ಮೊಗಲ್ ದೊರೆ ಜಹಾಂಗೀರ್ ಹಸನ್ ಅಬ್ದಾಲಿನ ತಿಳಿನೀರಿನಲ್ಲಿ ಬಲೆ ಬೀಸಿ ಹಿಡಿದ ಮೀನುಗಳ ಮೂಗಿಗೆ ಮುತ್ತು ಪೋಣಿಸಿ ಮತ್ತೆ ನೀರಿಗೆ ಬಿಟ್ಟೆನೆಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹಳೆಯ ಮಸೀದಿಗಳ ವುಜೂ ಹೌಜುಗಳಲ್ಲೂ ಮೀನುಗಳಿರುತ್ತಿದ್ದವು. ಹತ್ತು ಮೊಳ ಉದ್ದ ಹತ್ತು ಮೊಳ ಅಗಲದ ‘ದಹ್ ದರ್ ದಹ್’ ಹೌಜನ್ನು ಹನಫಿ ಫಿಕ್ಹ್ ದೊಡ್ಡ ನೀರೆಂದು ಲೆಕ್ಕಿಸುತ್ತದೆ. ಮುಂಬಯಿಯಲ್ಲಿ 1802ರಲ್ಲಿ ಪೂರ್ಣಗೊಂಡ ಜಾಮಾ ಮಸೀದಿಯಂತೂ ಹಳೆಯದೊಂದು ಕೊಳದೊಳಗಿಂದ ಎದ್ದ ಕಲ್ಲಿನ ಕಮಾನುಗಳ ಮೇಲೆಯೇ ನಿಂತಿದೆ. ಅಲ್ಲಿ ಕಟ್ಟಡವೇ ನೀರಿನ ಮೇಲೆ, ಮೀನುಗಳು ಕೆಳಗೆ.

ಇವೆಲ್ಲ ನೆಲದೊಳಗಿನ ನೀರು. ಹಾನಗಲ್ಲಿನ ಆನಿಕೆರೆಯಾಗಲಿ, ಮಾಸೂರಿನ ಮದಗದ ಕೆರೆಯಾಗಲಿ, ನೀರಿನ ಭಾರವನ್ನು ಭೂಮಿಯೇ ಹೊತ್ತಿತ್ತು. ಮನುಷ್ಯನ ಕೆಲಸ ಅದು ಪಕ್ಕಕ್ಕೆ ಹರಿಯದಂತೆ ಏರಿ ಕಟ್ಟುವುದಷ್ಟೇ ಆಗಿತ್ತು. ನೀರನ್ನು ಕಣ್ಣಿನ ಮಟ್ಟಕ್ಕೆ ಏರಿಸಿ ಪಕ್ಕದಿಂದ ಮೀನು ನೋಡುವ ಆಸೆ ಗಾಜು ಅಗ್ಗವಾದ ಮೇಲೆ ಬೆಳೆದದ್ದು. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾಯಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ನೀರುಗಿಡ, ಬಸವನಹುಳು, ಚಿನ್ನದ ಮೀನು ಮೂರನ್ನೂ ಒಂದೇ ತೊಟ್ಟಿಯಲ್ಲಿ ಬಾಳಿಸಬಹುದೆಂದು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಬಂದ ಫಿಲಿಪ್ ಹೆನ್ರಿ ಗಾಸನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾಯಿತು. ಆ ಕಾಲದ ತೊಟ್ಟಿಗಳಲ್ಲಿ ತಳಕ್ಕೆ ಕಪ್ಪುಕಲ್ಲಿನ ಹಲಗೆ, ಮೂಲೆಗಳಿಗೆ ಎರಕದ ಕಬ್ಬಿಣದ ಕಂಬ, ನಡುವೆ ಗಾಜು. ಕೆಳಗಿನ ಕಾಲುಗಳಿಗೂ ಬಳ್ಳಿ ಹೂವುಗಳ ಎರಕ.

ಮುಂದೆ ಎರಕದ ಕಬ್ಬಿಣದ ಜಾಗಕ್ಕೆ ಉಕ್ಕಿನ ಆಂಗಲ್ ಪಟ್ಟಿ ಬಂತು. ಚೌಕಟ್ಟು ಬೆಸೆದು, ಪುಟ್ಟಿ ಮೆತ್ತಿ, ಗಾಜು ಕೂರಿಸುವುದು. ಆಗಲೂ ತೊಟ್ಟಿ ಮಾಡುವವನೂ ಕಬ್ಬಿಣ ಬಗ್ಗಿಸುವವನೂ ಹೆಚ್ಚಾಗಿ ಒಬ್ಬನೇ. 1951ರಲ್ಲಿ ಮುಂಬಯಿಯ ಕಡಲ ದಂಡೆಯಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ತೆರೆದಾಗ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ಸವಣೂರು ಸಂಸ್ಥಾನವೂ 1948ರಲ್ಲಿ ಅದೇ ರಾಜ್ಯಕ್ಕೆ ಸೇರಿ ಹೋಗಿತ್ತು. ದುಡಿಮೆಗೆ, ವ್ಯಾಪಾರಕ್ಕೆ ಮುಂಬಯಿ ಕಂಡು ಬಂದವರ ಬಾಯಲ್ಲಿ ಆ ಗಾಜಿನ ಗೋಡೆಗಳ ಸುದ್ದಿ ಊರಿಗೆ ಬರುವುದು ಸಹಜವೇ. 1960ರ ದಶಕದ ನಂತರ ಸಿಲಿಕಾನ್ ಅಂಟು ಬಂದು ಎಲ್ಲವನ್ನೂ ಬದಲಿಸಿತು. ಗಾಜಿಗೆ ಗಾಜೇ ಅಂಟಿಕೊಂಡಿತು, ಚೌಕಟ್ಟು ಬೇಡವಾಯಿತು. ತೊಟ್ಟಿ ಗಾಜಿನಂಗಡಿಯವನ ಕೈಗೆ ಹೋಯಿತು, ಸ್ಟ್ಯಾಂಡು ಮಾತ್ರ ವೆಲ್ಡಿಂಗ್ ಅಂಗಡಿಗೆ ಉಳಿಯಿತು. ಒಂದೇ ಮೈಯಾಗಿದ್ದ ಗಾಜು ಮತ್ತು ಕಬ್ಬಿಣ ಬೇರೆಯಾದವು. ಇವತ್ತು ತೊಟ್ಟಿ ಸೀಳಿದರೆ ಗಾಜಿನವನು ಸ್ಟ್ಯಾಂಡಿನ ಕಡೆ ಬೆರಳು ತೋರಿಸುವುದು, ವೆಲ್ಡಿಂಗಿನವನು ಗಾಜಿನ ಕಡೆ ತೋರಿಸುವುದು ಈ ಅಗಲಿಕೆಯ ಫಲ.

ನಮ್ಮ ಊರಿನ ವೆಲ್ಡಿಂಗಿನವನು ಎಲ್ಲಿಂದ ಬಂದ? ಅರ್ಧ ಉತ್ತರ ಕಂಬಾರಸಾಲೆಯಲ್ಲಿದೆ. ಕುಂಟೆ, ಕೂರಿಗೆ, ಕುಡಗೋಲುಗಳ ಜೊತೆ ಕಂಬಾರನ ದೊಡ್ಡ ಕೆಲಸವೆಂದರೆ ಬಂಡಿಗಾಲಿಗೆ ಹಳಿ ಹಾಕುವುದು. ಬಡಿಗೇರ ಮರದ ಗಾಲಿ ಮಾಡಿ ಕೊಡುತ್ತಿದ್ದ. ಕಂಬಾರ ಅದರ ಸುತ್ತಳತೆಗಿಂತ ತುಸು ಚಿಕ್ಕದಾಗಿ ಕಬ್ಬಿಣದ ಬಳೆ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಸಿ, ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿಯುತ್ತಿದ್ದ. ಕಾದಾಗ ಹಿಗ್ಗಿದ ಕಬ್ಬಿಣ ತಣಿದು ಕುಗ್ಗಿ, ಮರದ ಕೀಲುಗಳನ್ನೆಲ್ಲ ಕಟಕಟನೆ ಬಿಗಿಯುತ್ತಿತ್ತು. ಎಷ್ಟು ಚಿಕ್ಕದು ಮಾಡಬೇಕೆಂಬುದು ಪುಸ್ತಕದಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಹೆಚ್ಚು ಚಿಕ್ಕದಾದರೆ ಗಾಲಿ ಮುರಿಯುತ್ತದೆ, ಕಡಿಮೆಯಾದರೆ ಹಳಿ ಬಿಚ್ಚಿ ಬೀಳುತ್ತದೆ.

ಉಳಿದರ್ಧ ಉತ್ತರ ಹೊರಗಿನದು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಸ್ವೀಡನ್ನಿನ ಆಸ್ಕರ್ ಚೆಲ್‌ಬರ್ಗ್ 1904ರ ಸುಮಾರಿಗೆ ಲೇಪ ಬಳಿದ ವೆಲ್ಡಿಂಗ್ ಕಡ್ಡಿಯನ್ನು ರೂಪಿಸಿದ್ದ. ಆದರೆ ಕಡ್ಡಿ ಇದ್ದರೆ ಸಾಲದು, ಕರೆಂಟ್ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ನಂತರದ ದಶಕಗಳಲ್ಲಿ ವಿದ್ಯುತ್ತು ಊರೂರಿಗೆ ಬಂತು, ಅದರ ಹಿಂದೆ ಟ್ರ್ಯಾಕ್ಟರ್ ಬಂತು. ಬಂಡಿ ಮೂಲೆ ಸೇರಿತು. ಕಂಬಾರರ ಮಕ್ಕಳು ತಿದಿ ಬಿಟ್ಟು ವೆಲ್ಡಿಂಗ್ ಹೋಲ್ಡರ್ ಹಿಡಿದರು. ಹತ್ತಿ ಹಿಂಜುವ ಬಿಲ್ಲು ಕೆಳಗಿಟ್ಟ ಪಿಂಜಾರರ ಮನೆಗಳಿಂದಲೂ ಹುಡುಗರು ಗ್ಯಾರೇಜು, ವೆಲ್ಡಿಂಗ್ ಅಂಗಡಿ ಸೇರಿದರು. ಒಂದೇ ಅಂಗಡಿಯಲ್ಲಿ ‘ಉಸ್ತಾದ್’ ಎಂದು ಕರೆಸಿಕೊಳ್ಳುವ ಪಂಚಾಳರನ್ನೂ ‘ಮಿಸ್ತ್ರಿ’ ಎಂದು ಕರೆಸಿಕೊಳ್ಳುವ ಸಾಬರನ್ನೂ ನಾವು ಕಂಡಿದ್ದೇವೆ. ಕಸುಬು ಕಲಿಸಿದವನ ಜಾತಿ ಕೇಳುವಷ್ಟು ಪುರುಸೊತ್ತು ಆ ಕೆಲಸದಲ್ಲಿ ಇಲ್ಲ.

ಅಜ್ಜನಿಗೆ ಹಳಿ ಬಿಗಿಯಲು ನೆರವಾದ ಅದೇ ಕುಗ್ಗುವಿಕೆ ಮೊಮ್ಮಗನಿಗೆ ಶತ್ರುವಾಗಿ ಬಂತು ಎನ್ನುವುದು ನಮಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಸಂಗತಿ. ಬೆಸುಗೆ ತಣಿಯುವಾಗ ಕುಗ್ಗಿ ಪಟ್ಟಿಯನ್ನು ತನ್ನ ಕಡೆ ಎಳೆಯುತ್ತದೆ. ಗುಣಿಯಾ ಹಿಡಿದು ನೇರ ಕೂರಿಸಿದ ಕಾಲು ಒಂದು ಬದಿಗೆ ಪೂರ್ತಿ ಬೆಸೆದ ಕೂಡಲೇ ವಾಲುತ್ತದೆ. ಆದ್ದರಿಂದ ತಿಳಿದವನು ಮೊದಲು ಎಲ್ಲ ಮೂಲೆಗಳಿಗೆ ಚಿಕ್ಕ ಚಿಕ್ಕ ಟ್ಯಾಕ್ ಮಾತ್ರ ಹೊಡೆಯುತ್ತಾನೆ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣಗಳ ಅಳತೆ ಒಂದೇ ಬರುತ್ತದೆಯೇ ನೋಡುತ್ತಾನೆ. ಆಮೇಲೆ ಇಲ್ಲೊಂದು ಬೆಸುಗೆ, ಎದುರು ಮೂಲೆಯಲ್ಲೊಂದು ಬೆಸುಗೆ, ನಡುವೆ ಒಂದು ಚಹಾ. ಆ ಚಹಾ ಸೋಮಾರಿತನವಲ್ಲ, ಕಬ್ಬಿಣ ತಣಿಯಲು ಕೊಡುವ ಸಮಯ.

ವಿನ್ಯಾಸದಲ್ಲಿ ಬಹಳ ಜನ ತಪ್ಪು ತಿಳಿಯುವುದು ಕಾಲುಗಳ ವಿಷಯದಲ್ಲಿ. ಕಾಲು ದಪ್ಪವಾಗಿದ್ದರೆ ಸ್ಟ್ಯಾಂಡು ಗಟ್ಟಿ ಎಂದು ಮನೆಯವರು ಹಠ ಹಿಡಿಯುತ್ತಾರೆ. ನೇರವಾಗಿ ಒತ್ತುವ ಭಾರವನ್ನು ಒಂದೂವರೆ ಇಂಚಿನ ಆಂಗಲ್ಲೂ ಸುಖವಾಗಿ ತಡೆಯುತ್ತದೆ. ತೊಂದರೆ ಇರುವುದು ಅಡ್ಡಪಟ್ಟಿಯಲ್ಲಿ. ಮೂರಡಿ ಹಾಸಿದ ಪಟ್ಟಿಯನ್ನೇ ಆಸರೆಯಿಲ್ಲದೆ ಆರಡಿ ಹಾಸಿದರೆ, ಅಡಿಗೆ ಅಷ್ಟೇ ಭಾರವಿದ್ದರೂ, ಬಾಗು ಎರಡು ಪಟ್ಟಲ್ಲ, 16 ಪಟ್ಟಾಗುತ್ತದೆ. ನಡುವೆ ಒಂದು ಜೊತೆ ಕಾಲು ಹೆಚ್ಚಿಗೆ ಕೊಡುವುದು ಅದಕ್ಕೇ. ಶಾಲೆಯ ಅಡಿಪಟ್ಟಿಯನ್ನು ಮಲಗಿಸಿ ಒತ್ತಿದರೆ ಬಾಗುತ್ತದೆ, ನಿಲ್ಲಿಸಿ ಒತ್ತಿದರೆ ಜಗ್ಗುವುದಿಲ್ಲ. ಅಡ್ಡಪಟ್ಟಿಯ ಎತ್ತರ ಎರಡರಷ್ಟಾದರೆ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು, ಅಡ್ಡಪಟ್ಟಿ ಕಾಲಿನ ತಲೆಯ ಮೇಲೆ ಕೂರಬೇಕು. ಪಕ್ಕಕ್ಕೆ ಅಂಟಿಸಿದರೆ ಇಡೀ ತೊಟ್ಟಿ ಬೆಸುಗೆಯಲ್ಲಿ ನೇತಾಡಿದಂತೆ. ಮೂರನೆಯದು ಅಕ್ಕಪಕ್ಕದ ತೂಗಾಟ. ಮಕ್ಕಳು ಓಡಿ ಬಂದು ಆನಿಕೊಂಡಾಗ ನೀರು ಅಲೆಯಾಗಿ ಒಂದು ಬದಿಗೆ ಬಡಿಯುತ್ತದೆ. ಹಿಂಬದಿಗೆ ಓರೆಯಾಗಿ ಒಂದು ಪಟ್ಟಿ ಬೆಸೆದರೆ ಆ ತೂಗಾಟ ನಿಲ್ಲುತ್ತದೆ. ‘ಚೆಂದ ಕಾಣಲ್ಲ’ ಎಂದು ಮನೆಯವರು ಮೊದಲು ತೆಗೆಸುವುದು ಇದನ್ನೇ.

ಊರಿನಿಂದ ಊರಿಗೆ ಕಷ್ಟ ಬೇರೆ. ಸವಣೂರಿನ ಸುತ್ತಿನ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಯ ನೆಲ ಸದ್ದಿಲ್ಲದೆ ಏಳುತ್ತದೆ, ಇಳಿಯುತ್ತದೆ. ರಸಮಟ್ಟ ಇಟ್ಟು ಕೂರಿಸಿದ ಸ್ಟ್ಯಾಂಡಿನ ಒಂದು ಕಾಲು ಏಪ್ರಿಲ್‌ನಲ್ಲಿ ಗಾಳಿಯಲ್ಲಿರಬಹುದು. ಅಲ್ಲಿ ಕಾಲಿಗೆ ನಟ್ಟು ಬೋಲ್ಟು ಬೆಸೆದು ಎತ್ತರ ತಿದ್ದಿಕೊಳ್ಳುವಂತೆ ಮಾಡುವುದು ಜಾಣತನ. ಅಡಿಗೆ ನಾಲ್ಕು ಇಂಚು ಚೌಕದ ದಪ್ಪ ಪತ್ರಾ ಕೊಟ್ಟರೆ ಹಾಸುಗಲ್ಲೂ ಸೀಳುವುದಿಲ್ಲ. ಮಲೆನಾಡಿನ ಸೆರಗಿನ ಹಾನಗಲ್ಲಿನಲ್ಲಿ ಶತ್ರು ತುಕ್ಕು. ಚೌಕ ಪೈಪು ನೋಡಲು ನಯ, ಆದರೆ ತುದಿ ಮುಚ್ಚದೆ ಬಿಟ್ಟರೆ ಚೆಲ್ಲಿದ ನೀರು ಒಳಗಿಳಿದು ಒಳಗಿಂದಲೇ ತಿನ್ನುತ್ತದೆ, ಹೊರಗಿನ ಬಣ್ಣ ಹೊಸದಾಗಿಯೇ ಇರುತ್ತದೆ. ಆಂಗಲ್ಲಿನಲ್ಲಿ ತುಕ್ಕು ಕಣ್ಣಿಗೆ ಕಾಣುತ್ತದೆ, ಕೆರೆದು ರೆಡ್ ಆಕ್ಸೈಡ್ ಬಳಿಯಬಹುದು.

ಇಷ್ಟೆಲ್ಲ ತಿಳಿದವನಿಗೆ ಸಿಗುವುದೇನು? ನಮ್ಮ ಕಡೆ ವೆಲ್ಡಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ದರ. ಯೋಚಿಸಿ, ಪಟ್ಟಿಯನ್ನು ಇಡಬೇಕಾದ ಕಡೆಯಷ್ಟೇ ಇಟ್ಟು ಹಗುರವಾದ ಗಟ್ಟಿ ಸ್ಟ್ಯಾಂಡು ಮಾಡಿದವನಿಗೆ ಕಡಿಮೆ ಹಣ. ಯೋಚಿಸದೆ ದಪ್ಪ ಕಬ್ಬಿಣ ಸುರಿದವನಿಗೆ ಹೆಚ್ಚು. ಕರ್ಣ ಅಳೆದ ದಾರಕ್ಕೆ, ಕಾದು ಕೂತ ಹೊತ್ತಿಗೆ ತಕ್ಕಡಿಯಲ್ಲಿ ತೂಕವಿಲ್ಲ. ಅದೃಷ್ಟ ತರುತ್ತದೆಂದು ಅರೋವಾನಾ ಮೀನಿಗೆ ಸಾವಿರಾರು ರೂಪಾಯಿ ಸುರಿಯುವವರೂ ಸ್ಟ್ಯಾಂಡಿನ ಮುಂದೆ ನಿಂತು ಕಿಲೋಗೆ ಐದು ರೂಪಾಯಿ ಕಡಿಮೆ ಮಾಡು ಎನ್ನುತ್ತಾರೆ. ವೆಲ್ಡಿಂಗಿನ ಬೆಳಕಿಗೆ ರಾತ್ರಿಯಿಡೀ ಕಣ್ಣಲ್ಲಿ ಮರಳು ಸುರಿದಂತೆ ಉರಿಯುವುದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಈಗ ಬಣ್ಣ ಹಾಕಿದ ಸಿದ್ಧ ಸ್ಟ್ಯಾಂಡುಗಳು ಪೆಟ್ಟಿಗೆಯಲ್ಲೇ ಮನೆಗೆ ಬರುತ್ತವೆ. ಚಿಕ್ಕ ತೊಟ್ಟಿಗೆ ಅವು ಸಾಕು. ಐದಾರು ಅಡಿಯದಕ್ಕೆ ಜನ ಇನ್ನೂ ಅಂಗಡಿಗೇ ಹೋಗುತ್ತಾರೆ.

ಸ್ಟ್ಯಾಂಡು ಮನೆಗೆ ಬಂದ ದಿನ ತಿಳಿದ ಮಿಸ್ತ್ರಿ ತೊಟ್ಟಿಯನ್ನು ಪೂರ್ತಿ ತುಂಬಿಸಲು ಬಿಡುವುದಿಲ್ಲ. ಪ್ಲೈವುಡ್ ಹಲಗೆ, ಅದರ ಮೇಲೆ ಥರ್ಮಾಕೋಲ್ ಹಾಳೆ, ಅದರ ಮೇಲೆ ತೊಟ್ಟಿ. ಅರ್ಧ ನೀರು ತುಂಬಿಸಿ, ನೀರಿನ ಅಂಚು ತಳದ ಗಾಜಿನಿಂದ ನಾಲ್ಕೂ ಮೂಲೆಗಳಲ್ಲಿ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಗುರುತು ಹಾಕುತ್ತಾನೆ. ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯುತ್ತಾನೆ. ಆಮೇಲೆ ಉಳಿದರ್ಧ. ಮುಂದಿನ ವಾರ ಬಡಿಗೇರ ಬಂದು ಕಬ್ಬಿಣವೆಲ್ಲ ಮುಚ್ಚಿಹೋಗುವಂತೆ ಸುತ್ತಲೂ ಹಲಗೆ ಹೊದಿಸುತ್ತಾನೆ. ಅವನಿಗೆ ಹೇಳಿ ಹಿಂಬದಿಯಲ್ಲೊಂದು ಚಿಕ್ಕ ಬಾಗಿಲು ಇಡಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಬ್ಯಾಟರಿ ಬಿಟ್ಟು ಕಾಲಿನ ಬುಡ ಮತ್ತು ಬೆಸುಗೆಯ ಸಾಲು ನೋಡಲು ಅಷ್ಟು ಜಾಗ ಸಾಕು.